ಅಕ್ಕನ ಕಡೆಯವರು

"ಚಕ್ಕೋತ ಹಣ್ಣಿನ ರಸ ಏನಾದ್ರೂ ಕುಡಿಸ್ತಿದ್ದೀರಾ?" ಎಂದು ಡಾಕ್ಟರು ಕೇಳಿದರು.

ತಮ್ಮನ ಹೆಂಡತಿಯ ಮುಖ ಬಿಳಿಚಿಕೊಂಡಿತು. ಅವಳು ಮೊದಲು ಗಂಡನ ಕಡೆ ನೋಡಿದಳು, ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಅಕ್ಕನ ಕಡೆ. ಹೆಂಡತಿ ಬೇಕರಿಯ ಬೆಳಗಿನ ಪಾಳಿ ಮುಗಿಸಿ ನೇರವಾಗಿ ಆಸ್ಪತ್ರೆಗೆ ಬಂದಿದ್ದಳು. ಮೊಣಕೈ ಹತ್ತಿರ ಇನ್ನೂ ಹಿಟ್ಟು ಅಂಟಿಕೊಂಡಿತ್ತು.

"ಒಂದೆರಡು ಸಲ ಕೊಟ್ಟೆ ಡಾಕ್ಟ್ರೇ. ಏನು ತಿಂದ್ರೂ ಮಣ್ಣು ತಿಂದ ಹಾಗಿದೆ ಅಂತಿದ್ರು. ಕಿತ್ತಳೆ ಕೊಡಬಹುದು ಅಂದಿದ್ರಲ್ಲ ನೀವು, ಇದೂ ಅದೇ ಜಾತಿ ಅಂತ..."

"ಜಾತಿ ಅದೇ, ಗುಣ ಬೇರೆ. ಇದು ಹೊಟ್ಟೆಗೆ ಹೋದ್ರೆ ನಿಮ್ಮ ಮಾತ್ರೆ ರಕ್ತದಿಂದ ಬೇಗ ಇಳಿಯಲ್ಲ." ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮಾತ್ರೆ ಅರ್ಧಕ್ಕಿಳಿಸಿ ತಿಂಗಳಾಯ್ತು. ರಕ್ತ ನೋಡಿದ್ರೆ ಏನೂ ಇಳಿಸೇ ಇಲ್ಲ ಅನ್ನೋ ಹಾಗಿದೆ. ನಾನು ಹೇಳಿದಷ್ಟೇ ಕೊಡ್ತಿದ್ದೀರಿ ತಾನೆ?"

"ಅದರಲ್ಲಿ ತಪ್ಪಾಗಲ್ಲ," ಎಂದಳು ಹೆಂಡತಿ ತಕ್ಷಣ. "ಮಾತ್ರೆ ಡಬ್ಬಿ ತುಂಬೋದು ಅಕ್ಕ. ಅವರ ಕೈಯಲ್ಲಿ ಒಂದು ಹೊಲಿಗೆ ಆಚೀಚೆ ಆಗಲ್ಲ."

ಅಕ್ಕ ಕೈಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಡಾಕ್ಟರು, "ಹಾಗಾದ್ರೆ ಹಣ್ಣಿಂದೇ ಇರ್ಬೇಕು," ಎಂದುಬಿಟ್ಟರು.

ಅವರು ಬೈಯಲಿಲ್ಲ. ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಹೆಂಡತಿಯ ಕಡೆ ಸರಿಸಿ, ಅವಳು ಮೂಗು ಒರೆಸಿಕೊಳ್ಳುವವರೆಗೆ ಕಾದರು. ಆಮೇಲೆ ತಮ್ಮನ ಕಡೆ ತಿರುಗಿ ಹೇಳಿದರು. ಕಾಯಿಲೆ ಮತ್ತೆ ತಲೆಯೆತ್ತಿದೆ. ಹೋದ ಸಲಕ್ಕಿಂತ ಈ ಸಲ ಸ್ವಲ್ಪ ಹೆಚ್ಚೇ ಕಾಣುತ್ತಿದೆ. ಅವನ ಮೈಗೆ ಹಾಕಿರುವ ಅಕ್ಕನ ಜೀವಕೋಶಗಳು ಎದ್ದು ಕೆಲಸ ಮಾಡಬೇಕು, ಕಾಯುವುದಕ್ಕೆ ಹೆಚ್ಚು ಹೊತ್ತಿಲ್ಲ. "ಹಣ್ಣು ಇವತ್ತಿಗೇ ಬಿಡಿ. ಅರ್ಧ ಮಾಡಿದ್ದ ಮಾತ್ರೆಯಲ್ಲೂ ನಾಳೆಯಿಂದ ಅರ್ಧ ತೆಗೀರಿ. ಬೆಳಗ್ಗೆ ಒಂದು, ಅಷ್ಟೇ. ರಾತ್ರಿದು ಬೇಡ."

"ಆಯ್ತು," ಎಂದ ತಮ್ಮ. ಅವನ ಧ್ವನಿ ಮೊದಲಿನ ಹಾಗೇ ಇತ್ತು, ಬಸ್ಸಿನ ಹಿಂದಿನ ಸೀಟಿಗೂ ಕೇಳುವಂಥದ್ದು. ಮೈ ಮಾತ್ರ ಅರ್ಧವಾಗಿತ್ತು.

ಅವನು ಬಸ್ಸಿನ ಡ್ರೈವರು. ಮನೆಯಲ್ಲಿ ಅವನಿಗೆ ಮೊದಲಿನಿಂದಲೂ ಮೊಂಡ ಎಂದೇ ಹೆಸರು. ಅಕ್ಕ ಒಂದು ಲಾಂಡ್ರಿ ಅಂಗಡಿಯಲ್ಲಿ ಹರಿದ ಬಟ್ಟೆಗಳಿಗೆ ರಫೂ ಹಾಕುವವಳು. ಕೋಟಿನ ತೂತಿಗೆ ಅದೇ ಕೋಟಿನ ಒಳಮಡಿಕೆಯಿಂದ ಎಳೆ ತೆಗೆದು, ತೂತು ಎಲ್ಲಿತ್ತೆಂದು ಕೋಟಿನವನಿಗೇ ತಿಳಿಯದಂತೆ ಮುಚ್ಚುತ್ತಿದ್ದಳು. ಅವನ ರಕ್ತದಲ್ಲಿ ಕಾಯಿಲೆ ಎಂದು ಗೊತ್ತಾಗಿ, ಬೇರೆಯವರ ಅಸ್ಥಿಮಜ್ಜೆ ಹಾಕಬೇಕೆಂದಾಗ ತಾಳೆಯಾದದ್ದು ಅವಳದೇ. ಅವಳು ಎರಡು ಮಾತಾಡದೆ ಮಲಗಿ ಕೊಟ್ಟಿದ್ದಳು. ಕೆಲವು ತಿಂಗಳಲ್ಲಿ ಅವನ ರಕ್ತದ ಗುಂಪೂ ಬದಲಾಗಿ ಅವಳದೇ ಆಯಿತು. "ನೋಡ್ತಿರು," ಎಂದು ಅವನು ಹೆಂಡತಿಗೆ ಹೇಳಿದ್ದ, "ಇನ್ಮೇಲೆ ನಂಗೂ ಅಕ್ಕನ ಹಾಗೆ ಬೆಳಗ್ಗೆ ಎದ್ದ ಕೂಡಲೇ ಊರೋರನ್ನೆಲ್ಲ ಬೈಯೋ ಚಟ ಹತ್ಕೊಳ್ಳುತ್ತೆ."

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮೊದಲು ಅವನ ಅಂಗೈ, ಅಂಗಾಲು ಕೆಂಪಾದವು. ಆಮೇಲೆ ಚರ್ಮ ಸುಲಿಯಿತು, ಬಾಯಿಯ ಒಳಗೆಲ್ಲ ಹುಣ್ಣಾಯಿತು, ನೀರು ಕುಡಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಇದು ಯಾತರಿಂದ ಎಂದು ಅಕ್ಕ ಕೇಳಿದಾಗ ಡಾಕ್ಟರು, "ನಿಮ್ಮ ಜೀವಕೋಶಗಳಿಂದ," ಎಂದಿದ್ದರು.

ಅವತ್ತು ಅವರು ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದ್ದರು. "ಎದೆಮೂಳೆ ಹಿಂದೆ ಒಂದು ಸಣ್ಣ ಗ್ರಂಥಿ ಇದೆ. ಮೈ ಕಾಯೋ ಕೋಶಗಳು ಅಲ್ಲಿ ಬೆಳೀತವೆ. ಸ್ವಂತ ಮೈ ಮೇಲೇ ಕೈ ಎತ್ತೋ ಬುದ್ಧಿ ಯಾವುದಕ್ಕಿದೆಯೋ ಅದಕ್ಕೆ ಅಲ್ಲೇ ಸಾಯಿ ಅಂತ ಅಪ್ಪಣೆ ಆಗುತ್ತೆ. ಅದು ಸಾಯುತ್ತೆ. ಗಲಾಟೆ ಇಲ್ಲ, ಕೀವಿಲ್ಲ. ತನ್ನನ್ನ ತಾನೇ ಬಿಚ್ಚಿ, ಚಿಕ್ಕ ಚಿಕ್ಕ ಗಂಟು ಕಟ್ಟಿಟ್ಟು ಹೋಗುತ್ತೆ, ಅಕ್ಕಪಕ್ಕದವು ಎತ್ತಿ ಹಾಕ್ತವೆ. ಉಳಿದವು ಮಾತ್ರ ಹೊರಗೆ ಬರ್ತವೆ. ನಿಮ್ಮವೂ ಹಾಗೆ ಸೋಸಿ ಬಂದವೇ. ಆದ್ರೆ ಸೋಸಿದ್ದು ನಿಮ್ಮ ಮೈಗೆ ತಕ್ಕ ಹಾಗೆ. ಇವರ ಮೈ ಅವಕ್ಕೆ ಗುರುತಿಲ್ಲ."

"ಅಂದ್ರೆ," ಎಂದಿದ್ದ ತಮ್ಮ, ತುಟಿ ಅಲ್ಲಾಡಿಸದೆ, "ಅಕ್ಕನ ಕಡೆಯವರು ಮನೆಗೆ ಬಂದು ಜಗಳ ತೆಗೆದಿದ್ದಾರೆ ಅನ್ನಿ."

ಡಾಕ್ಟರು ನಕ್ಕಿದ್ದರು. "ಜಗಳದಲ್ಲಿ ಒಂದು ಲಾಭನೂ ಇದೆ. ನಮ್ಮೆಲ್ಲರ ಮೈಯಲ್ಲೂ ದಿನಾ ಕೋಟಿಗಟ್ಟಲೆ ಕೋಶಗಳು ತಮ್ಮ ಹೊತ್ತು ಮುಗೀತು ಅಂತ ತಾವೇ ಹೋಗ್ತವೆ. ಹಾಗೆ ಹೋಗೋದ್ರಿಂದ್ಲೇ ನಾವು ಇರೋದು. ನಿಮ್ಮ ಕಾಯಿಲೆ ಅಂದ್ರೇನು ಗೊತ್ತಾ? ಹೊತ್ತು ಮುಗಿದ್ರೂ ಹೋಗಲ್ಲ ಅಂತ ಕೂತಿರೋ ಕೋಶಗಳು. ಎದುರಿಗೆ ಹೋಗಿ ನಿಂತು ಅವಕ್ಕೆ ಅಪ್ಪಣೆ ಕೊಡೋರು ಬೇಕು. ಅದನ್ನ ಅಕ್ಕನ ಕಡೆಯವರು ಮಾಡ್ತಾರೆ. ಕಷ್ಟ ಏನಂದ್ರೆ, ಅದೇ ಅಪ್ಪಣೆನ ಏನೂ ತಪ್ಪು ಮಾಡದ ಬಾಯಿಗೂ ಚರ್ಮಕ್ಕೂ ಕೊಟ್ಟುಬಿಡ್ತಾರೆ."

ಅಕ್ಕನ ಕಡೆಯವರನ್ನು ತೂಕಡಿಸುವಂತೆ ಮಾಡಲು ಒಂದು ಮಾತ್ರೆ ಶುರುವಾಯಿತು. ಬೆಳಗ್ಗೆ ಎರಡು, ರಾತ್ರಿ ಎರಡು. ಅದನ್ನು ತೆಗೆದುಕೊಂಡರೆ ಕೈ ನಡುಗುತ್ತಿದ್ದುದರಿಂದ ಅವನಿಗೇ ಡಬ್ಬಿ ತುಂಬಲು ಆಗುತ್ತಿರಲಿಲ್ಲ. ಹೆಂಡತಿಯ ಪಾಳಿ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುತ್ತಿರಲಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ಅಕ್ಕ ಬಂದು ವಾರದ ಮಾತ್ರೆಗಳನ್ನು ಜೋಡಿಸಿಟ್ಟು ಹೋಗುವುದು ರೂಢಿಯಾಯಿತು. ಹುಣ್ಣುಗಳು ಮೆಲ್ಲಗೆ ಮಾಯ್ದವು. ಚರ್ಮ ಬಂತು. ಅವನು ಪಕ್ಕದ ಬೀದಿಯ ಬಸ್ ನಿಲ್ದಾಣದವರೆಗೆ ನಡೆದು ಹೋಗಿ, ಹಳೆಯ ಗೆಳೆಯರು ಹಾರ್ನ್ ಹೊಡೆದರೆ ಕೈಯೆತ್ತಿ ಬರುತ್ತಿದ್ದ.

ಕಾಯಿಲೆಯ ಮೊದಲ ಎಳೆ ಮತ್ತೆ ಕಂಡಾಗ ಡಾಕ್ಟರು ಮಾತ್ರೆ ಅರ್ಧ ಮಾಡಲು ಹೇಳಿದ್ದರು. ಅಕ್ಕನ ಕಡೆಯವರನ್ನು ಎಬ್ಬಿಸಬೇಕು, ಆದರೆ ದಡಕ್ಕನೆ ಅಲ್ಲ, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ. ಒಮ್ಮೆಲೇ ಎದ್ದರೆ ಕರುಳನ್ನೇ ಕಿತ್ತು ಹಾಕಿಯಾರು. ಬಾಯಿ ಮತ್ತೆ ಹುಣ್ಣಾಗುತ್ತದೆಯೇ ಎಂದು ಅಕ್ಕ ಕೇಳಿದ್ದಳು. "ಸ್ವಲ್ಪ ಆದ್ರೆ ಒಳ್ಳೇದೇ," ಎಂದಿದ್ದರು ಡಾಕ್ಟರು. ಆ ಮಾತು ಅವಳಿಗೆ ಅರ್ಥವಾಗಿತ್ತು. ಅರ್ಥವಾದದ್ದೇ ಕಷ್ಟವಾಯಿತು.

ಆ ಭಾನುವಾರ ಅವಳು ತಮ್ಮನ ಮನೆಯ ಊಟದ ಮೇಜಿನ ಮೇಲೆ ಡಬ್ಬಿ ಇಟ್ಟುಕೊಂಡು, ಹೇಳಿದಂತೆ ಪ್ರತಿ ಹೊತ್ತಿನ ಖಾನೆಗೂ ಒಂದೊಂದೇ ಮಾತ್ರೆ ಹಾಕಿ ಮುಚ್ಚಳ ಮುಚ್ಚಿದಳು. ಎದುರಿಗೆ ಅವನು ಬ್ರೆಡ್ಡು ತಿನ್ನುತ್ತಿದ್ದ. ಹಾಲಿನಲ್ಲಿ ಅದ್ದದೆ, ಹೆಂಡತಿ ಕತ್ತರಿಸಿ ತೆಗೆದಿಟ್ಟಿದ್ದ ಗಟ್ಟಿ ಅಂಚನ್ನೂ ಎಳೆದುಕೊಂಡು ಕರುಂ ಕುರುಂ ಎಂದು ಅಗಿಯುತ್ತಿದ್ದ. "ನೋಡೇ ಅಕ್ಕಾ, ಅಂಚು ತಿಂತಿದ್ದೀನಿ," ಎಂದ, ಬಾಯಿ ತುಂಬ ಇಟ್ಟುಕೊಂಡೇ. ಅವನು ತಟ್ಟೆ ತೊಳೆಯಲು ಒಳಗೆ ಹೋದಾಗ ಅವಳು ಎಲ್ಲ ಮುಚ್ಚಳಗಳನ್ನೂ ತೆರೆದು, ಪ್ರತಿಯೊಂದರಲ್ಲೂ ಇನ್ನೊಂದು ಮಾತ್ರೆ ಹಾಕಿದಳು. ಈ ಒಂದು ವಾರ ಅಂಚು ತಿನ್ನಲಿ ಎಂದುಕೊಂಡಳು. ಮುಂದಿನ ಭಾನುವಾರವೂ ಅದನ್ನೇ ಅಂದುಕೊಂಡಳು. ಒಂದಾದಮೇಲೊಂದು ಭಾನುವಾರ ಹಾಗೇ ಹೋಯಿತು. ಮಾತ್ರೆ ಅರ್ಧವಾಗಿದೆ ಎಂದು ಅವನಿಗೆ ಗೊತ್ತಿತ್ತು; ಮೊದಲು ಎಷ್ಟಿತ್ತು, ಈಗ ಎಷ್ಟಿರಬೇಕು ಎಂದು ಅವನು ಯಾವತ್ತೂ ನೋಡಿದವನಲ್ಲ. ಅಕ್ಕ ಕೊಟ್ಟಳು ಎಂದು ನುಂಗುತ್ತಿದ್ದ.

ಅವನ ನೋವು ನೋಡಲಾರೆ ಎಂಬುದು ನಿಜ. ಆ ನೋವು ತನ್ನಿಂದ ಎಂಬುದನ್ನು ಇನ್ನೊಮ್ಮೆ ನೋಡಲಾರೆ ಎಂಬುದು ಅದಕ್ಕಿಂತ ನಿಜ. ಇವತ್ತು, ಡಾಕ್ಟರ ಕೋಣೆಯಿಂದ ಹೊರಗೆ ಬರುವಾಗ, ಎರಡನ್ನೂ ಬೇರೆ ಬೇರೆ ಮಾಡಿ ನೋಡುವ ಶಕ್ತಿ ಅವಳಿಗಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಹೆಂಡತಿ ಕುಸಿದು ಕೂತಳು. ಅಲ್ಲೇ ಹಾದುಹೋಗುತ್ತಿದ್ದ ನರ್ಸು ಏನನ್ನೂ ಕೇಳದೆ ಒಂದು ಲೋಟ ನೀರು ತಂದುಕೊಟ್ಟು ಹೋದಳು.

"ನನ್ನ ಕೈಯಾರೆ ಹಿಂಡಿ ಕೊಟ್ಟೆ," ಎಂದಳು ಹೆಂಡತಿ. "ಬೀಜ ಎಲ್ಲ ತೆಗೆದು, ಸೋಸಿ."

"ಏ, ಕೇಳಿ ಕುಡಿದೋನು ನಾನು," ಎಂದ ತಮ್ಮ. "ಬೇಕರಿಯೋಳು ಹಣ್ಣಿನ ಅಂಗಡಿ ತಂಟೆಗೆ ಹೋದ್ರೆ ಹೀಗೇ ಆಗೋದು. ನಾಳೆಯಿಂದ ಬನ್ನು ಹಿಂಡಿ ಕೊಡು."

ಅವಳು ನಗಲಿಲ್ಲ. ಅಕ್ಕನೂ ನಗಲಿಲ್ಲ. ಹೇಳಿಬಿಡಬೇಕು ಎಂದುಕೊಂಡಳು. ಕೋಣೆಯ ಬಾಗಿಲು ಇನ್ನೂ ಎದುರಿಗೇ ಇತ್ತು. ಎದ್ದು ಹೋಗಿ ತಟ್ಟಿದರೆ ಸಾಕಿತ್ತು. ಆದರೆ ಒಳಗೆ ಬೇರೆ ಯಾರನ್ನೋ ಕರೆದರು, ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದ್ದಕ್ಕೆ ಅವಳಿಗೆ ಸಮಾಧಾನವಾಯಿತು. ಆ ಸಮಾಧಾನ ತನ್ನೊಳಗೆ ಹುಟ್ಟಿದ್ದನ್ನು ಕಂಡು ಮೈ ತಣ್ಣಗಾಯಿತು.

ಮನೆಗೆ ಹೋಗುವ ಬಸ್ಸಿನಲ್ಲಿ ತಮ್ಮನ ಗೆಳೆಯನಾದ ಡ್ರೈವರು ಅವನಿಗಾಗಿ ನಿಲ್ದಾಣ ದಾಟಿ ಮನೆಯ ತಿರುವಿನಲ್ಲೇ ನಿಲ್ಲಿಸಿದ. ಅಲ್ಲಿಯವರೆಗೂ ಅಕ್ಕ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕುತ್ತಿದ್ದಳು. ಡಾಕ್ಟರು ಅರ್ಧದಲ್ಲಿ ಅರ್ಧ ಎಂದಿದ್ದಾರೆ. ಡಬ್ಬಿಯಲ್ಲಿರುವುದು ಅರ್ಧವಲ್ಲ, ಪೂರ್ತಿ. ನಾಳೆ ಅವರು ಹೇಳಿದಂತೆ ಒಂದೇ ಮಾತ್ರೆ ಹಾಕಿದರೆ ಪೂರ್ತಿಯಿಂದ ಕಾಲುಭಾಗಕ್ಕೆ ಒಮ್ಮೆಲೇ ಬೀಳುತ್ತದೆ. ಮಲಗಿದವರು ದಡಕ್ಕನೆ ಏಳುತ್ತಾರೆ. ಹಾಕದಿದ್ದರೆ ಕಾಯಿಲೆ ಬೆಳೆಯುತ್ತದೆ. ಯಾರಿಗೂ ಹೇಳದೆ ತಾನೇ ಈ ವಾರ ಅರ್ಧಕ್ಕಿಳಿಸಿ, ಮುಂದಿನ ವಾರ ಕಾಲುಭಾಗಕ್ಕೆ ಇಳಿಸಿದರೆ? ಯಾರಿಗೂ ಗೊತ್ತಾಗುವುದಿಲ್ಲ. ತೂತು ಎಲ್ಲಿತ್ತೆಂದೇ ಕಾಣುವುದಿಲ್ಲ. ಆದರೆ ಆ ಒಂದು ವಾರ ಕೊಡಬಹುದೋ ಬಾರದೋ ಎಂದು ಹೇಳಬೇಕಾದವರು ಡಾಕ್ಟರು. ಮಾತ್ರೆಯ ವಿಷಯದಲ್ಲಿ ತನ್ನ ಬುದ್ಧಿಯನ್ನು ನಂಬಿ ಒಂದು ಸಲ ಆಗಿತ್ತು.

ಮನೆಗೆ ಬಂದ ಕೂಡಲೇ ಹೆಂಡತಿ ಅಡುಗೆಮನೆಯ ಬುಟ್ಟಿಯಲ್ಲಿ ಉಳಿದಿದ್ದ ಒಂದು ಚಕ್ಕೋತವನ್ನು ಚೀಲಕ್ಕೆ ಹಾಕಿ, ಬಾಗಿಲ ಹೊರಗೆ ಇಟ್ಟು ಬಂದಳು. ಕೈಯನ್ನು ಸೋಪು ಹಚ್ಚಿ ಎರಡೆರಡು ಸಲ ತೊಳೆದಳು. ಮೇಜಿನ ಮೇಲೆ ತಟ್ಟೆ ಇಡುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು:

"ಅಕ್ಕ, ಇನ್ಮೇಲೆ ಇವರ ಊಟ ತಿಂಡಿನೂ ನೀವೇ ಹೇಳಿ. ಇದು ಕೊಡು ಅಂದ್ರೆ ಕೊಡ್ತೀನಿ, ಬೇಡ ಅಂದ್ರೆ ಇಲ್ಲ. ನನ್ನ ಕೈ ಮೇಲೆ ನಂಗೆ ನಂಬಿಕೆ ಹೋಯ್ತು."

"ಹಣ್ಣಲ್ಲ ಕಣೇ," ಎಂದಳು ಅಕ್ಕ.

ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಹೆಂಡತಿ, "ಏನು?" ಎಂದು ಬಗ್ಗಿ ಕೇಳಿದಳು.

"ಹಣ್ಣಿಂದ ಅಲ್ಲ. ನಾನು ಮಾತ್ರೆ ಇಳಿಸೇ ಇಲ್ಲ. ಮೊದಲಿನ ಹಾಗೇ ಎರಡೆರಡು ಹಾಕ್ತಿದ್ದೆ. ಇಷ್ಟು ದಿನವೂ." ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟು ಒಂದು ಮುಚ್ಚಳ ತೆರೆದಳು. ನಾಳೆ ಬೆಳಗಿನ ಖಾನೆಯಲ್ಲಿ ಎರಡು ಮಾತ್ರೆ ಒಂದಕ್ಕೊಂದು ಒರಗಿಕೊಂಡಿದ್ದವು.

ತಮ್ಮ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ಒಂದೊಂದೇ ಮುಚ್ಚಳ ತೆರೆದು ನೋಡಿದ. ಕೈ ನಡುಗಿ ಒಂದು ಮುಚ್ಚಳ ತೆರೆಯಲೇ ಇಲ್ಲ. ಅದನ್ನು ಬಿಟ್ಟು ಮುಂದಿನದಕ್ಕೆ ಹೋದ.

"ಯಾಕೆ?" ಎಂದ.

"ನೀನು ಅಂಚು ತಿಂತಿದ್ದೆ," ಎಂದಳು ಅಕ್ಕ. ಅದು ಎಂಥ ಉತ್ತರ ಎಂದು ಅವಳಿಗೇ ಗೊತ್ತಾಯಿತು. "ಮತ್ತೆ ಹುಣ್ಣಾಗುತ್ತೆ ಅಂದ್ರಲ್ಲ. ನನ್ನಿಂದ ನಿಂಗೆ ಮತ್ತೆ ಹಾಗಾಗೋದು ನನ್ನ ಕೈಯಲ್ಲಿ..."

"ಬಾಯಿ ಯಾರದು?"

"ಮೊಂಡ, ನಾನು..."

"ಬಾಯಿ ಯಾರದು ಅಂತ ಕೇಳ್ದೆ." ಅವನು ಕೂಗಲಿಲ್ಲ. ಕೂಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ನೋವು ಪಡೋದೋ ಬಿಡೋದೋ ನನ್ನ ಕೇಳ್ಬೇಕಿತ್ತು ಅಕ್ಕಾ. ನಾನೇನು ಸ್ಟೇರಿಂಗು ನಿನ್ನ ಕೈಗೆ ಕೊಟ್ಟು ಹಿಂದೆ ಹೋಗಿ ಮಲಗಿದ್ನಾ? ನಂಗೆ ಬದುಕ್ಬೇಕು ಕಣೇ. ಅಂಚು ತಿನ್ನದಿದ್ರೂ ಸರಿ. ಹಾಲಲ್ಲಿ ಅದ್ದಿಕೊಂಡಾದ್ರೂ ಬದುಕ್ಬೇಕು."

ಅವನು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೆಂಡತಿ ಅಲ್ಲೇ ನಿಂತಿದ್ದಳು. ಅವಳ ಕಣ್ಣು ಒಣಗಿತ್ತು. ಆಸ್ಪತ್ರೆಯಲ್ಲಿ ತಾನು ಅತ್ತದ್ದನ್ನು ಇವರು ಪಕ್ಕದಲ್ಲೇ ಕೂತು ನೋಡಿದರಲ್ಲ ಎಂಬುದು ಅವಳ ಮುಖದಲ್ಲಿ ಮೆಲ್ಲಗೆ ಮೂಡಿ ಬಂತು. ಅಕ್ಕ ತಲೆ ತಗ್ಗಿಸಿದಳು. ಹೆಂಡತಿ ಫೋನು ತೆಗೆದು, ಡಾಕ್ಟರ ನಂಬರು ಒತ್ತಿ, ಅಕ್ಕನ ಕೈಗೆ ಕೊಟ್ಟಳು.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ, "ಇವತ್ತೇ ಹೇಳಿದ್ರಲ್ಲ, ಅದು ಒಳ್ಳೇದಾಯ್ತು," ಎಂದರು. ನಾಳೆಯಿಂದ ಮೂರನೇ ಒಂದು ಭಾಗ ಮಾತ್ರ ಇಳಿಸಿ, ಆಮೇಲೆ ವಾರಕ್ಕಿಷ್ಟು ಎಂದು ಹೊಸ ಲೆಕ್ಕ ಕೊಟ್ಟರು. ಸಣ್ಣ ಮಾತ್ರೆ ಬೇರೆ ಬರೆದುಕೊಡುತ್ತೇನೆ ಎಂದರು.

"ತಡ ಆಯ್ತಾ ಡಾಕ್ಟ್ರೇ?"

"ಗೊತ್ತಿಲ್ಲ," ಎಂದರು ಅವರು. "ಸುಳ್ಳು ಹೇಳಲ್ಲ ನಾನು. ಹೋದ ತಿಂಗಳನ್ನ ವಾಪಸ್ ತರಕ್ಕಾಗಲ್ಲ. ನಿಮ್ಮ ಕೋಶಗಳು ಏಳ್ಬೇಕು, ಅಷ್ಟೇ. ಎದ್ರೆ ಅವರ ಮೈಯೇ ಹೇಳುತ್ತೆ."

ಫೋನು ಇಟ್ಟು ಅಕ್ಕ ಚೀಲ ಎತ್ತಿಕೊಂಡು ಬಾಗಿಲ ಕಡೆ ಹೊರಟಳು. ಹೆಂಡತಿ ಅಡ್ಡ ಬಂದು ನಿಂತಳು. "ನಾನು ಈಗ ನಿಮ್ಮ ಹತ್ರ ಮಾತಾಡಲ್ಲ ಅಕ್ಕ. ಮಾತಾಡಿದ್ರೆ ಏನಾದ್ರೂ ಅಂದುಬಿಡ್ತೀನಿ. ಆದ್ರೆ ಬೆಳಗ್ಗೆಯಿಂದ ನೀವೂ ಏನೂ ತಿಂದಿಲ್ಲ. ಕೂತ್ಕೊಂಡು ತಿಂದು ಹೋಗಿ." ಬ್ರೆಡ್ಡು, ಹಾಲು ತಂದು ಮುಂದಿಟ್ಟು, ತಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಅಕ್ಕ ತಿಂದಳು.

ಮುಂದಿನ ಭಾನುವಾರ ಬಾ ಎಂದು ಯಾರೂ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವಳು ಹೋದಳು. ಡಬ್ಬಿ ಈಗ ತಮ್ಮನ ಮುಂದಿತ್ತು. ಅವನು ತನ್ನ ನಡುಗುವ ಕೈಯಲ್ಲೇ ಮಾತ್ರೆ ಹಾಕುತ್ತಿದ್ದ. ಎರಡು ಸಲ ಉರುಳಿ ನೆಲಕ್ಕೆ ಬಿದ್ದವು, ಅವನೇ ಬಗ್ಗಿ ಎತ್ತಿಕೊಂಡ. ಹಾಕಿ ಮುಗಿದ ಮೇಲೆ ಹೆಂಡತಿ ಒಂದೊಂದೇ ಮುಚ್ಚಳ ತೆರೆದು ನೋಡಿ ಮುಚ್ಚಿದಳು. ಅಕ್ಕ ಎದುರಿಗೆ ಕೂತು, ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು. ಅವನು ಅವಳ ಜೊತೆ ಮಾತಾಡಿದ್ದು ಒಂದೇ, "ಕಿಟಕಿ ಸ್ವಲ್ಪ ತೆಗಿ" ಎಂದು.

ಅಂಗಡಿಯಲ್ಲಿ ಅವಳ ಕೈ ಹಿಡಿತ ತಪ್ಪಿತು. ಒಂದು ಉಣ್ಣೆಯ ಕೋಟಿನ ತೋಳಿಗೆ ಹಾಕಿದ ರಫೂ ಉಬ್ಬಿ ಕೂತಿತು. ಬಿಚ್ಚಿ ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಅಂಗಡಿಯ ಯಜಮಾನರು ನೋಡಿಯೂ ನೋಡದವರಂತೆ ತಮ್ಮ ಮೇಜಿನ ದೀಪವನ್ನು ತಂದು ಅವಳ ಪಕ್ಕದಲ್ಲಿಟ್ಟು, "ಕೋಟಿನವರಿಗೆ ಅವಸರ ಇಲ್ವಂತೆ," ಎಂದು ಹೋದರು. ಅವಳು ಸೂಜಿ ಹಿಡಿದು ಕೂತಲ್ಲೇ ಒಂದು ವಿಷಯವನ್ನು ಬೇಡಿಕೊಳ್ಳುತ್ತಿದ್ದಳು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಅವನ ಮೈ ಕೆಂಪಾಗಲಿ. ಸ್ವಲ್ಪ ಉರಿಯಲಿ. ಬಾಯಲ್ಲಿ ಒಂದು ಹುಣ್ಣಾದರೂ ಏಳಲಿ. ಒಡಹುಟ್ಟಿದವನಿಗೆ ಯಾವ ಅಕ್ಕ ಹೀಗೆ ಹಾರೈಸಿಯಾಳು ಎಂದುಕೊಂಡು ಹಾರೈಸುತ್ತಿದ್ದಳು.

ತಮ್ಮನ ಹೆಂಡತಿ ಅಂಗಡಿಗೆ ಫೋನು ಮಾಡಿದ ದಿನ ಬಿಸಿಲು ಚೆನ್ನಾಗಿತ್ತು. "ಬನ್ನಿ ಅಕ್ಕ," ಎಂದಷ್ಟೇ ಹೇಳಿ ಇಟ್ಟಳು. ಅಕ್ಕ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಂಡಿದ್ದ ಅಂಗುಸ್ತಾನವನ್ನೂ ತೆಗೆಯದೆ ಓಡಿದಳು.

ತಮ್ಮ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಅವಳನ್ನು ಕಂಡು ಎರಡು ಅಂಗೈಗಳನ್ನೂ ಚಾಚಿ ತೋರಿಸಿದ. ಬೆರಳ ಬುಡದಲ್ಲಿ, ಹೆಬ್ಬೆರಳಿನ ದಿಬ್ಬದ ಮೇಲೆ, ತೆಳ್ಳಗೆ ಕೆಂಪು ಹರಡಿತ್ತು.

"ಉರಿಯುತ್ತಾ?" ಎಂದಳು.

"ಬೆಳಗ್ಗೆಯಿಂದ. ತುರಿಕೇನೂ ಇದೆ." ಅವನ ಮುಖದಲ್ಲಿ ಏನಿದೆ ಎಂದು ಅವಳಿಗೆ ತಿಳಿಯಲಿಲ್ಲ. "ಬಿಸಿನೀರು ಮುಟ್ಟಿದ್ದಕ್ಕೋ ಏನೋ ಅಂತ ಇವಳು ಅಂತಾಳೆ."

"ನಾನು ಹಾಗನ್ನಲಿಲ್ಲ. ಇರಬಹುದು ಅಂದೆ," ಎಂದಳು ಹೆಂಡತಿ. ಅವಳ ಕೈಯಲ್ಲಿ ಫೋನು ಇತ್ತು. "ಡಾಕ್ಟ್ರು ಫೋಟೊ ಕಳಿಸಿ ಅಂದ್ರು. ಬರೀ ಕೈ ತೆಗೆದು ಕಳಿಸ್ದೆ. ಬಣ್ಣ ಗೊತ್ತಾಗ್ತಿಲ್ಲವಂತೆ. ಪಕ್ಕದಲ್ಲಿ ಬೇರೆಯವರ ಕೈ ಇಟ್ಟು ತೆಗೀರಿ ಅಂದ್ರು." ಅವಳು ಸ್ವಲ್ಪ ತಡೆದಳು. "ನನ್ನ ಕೈ ಬೇಕರಿಯ ಒಲೆ ಮುಂದೆ ಯಾವಾಗ್ಲೂ ಕೆಂಪೇ. ಅದಕ್ಕೆ ನಿಮ್ಮನ್ನ ಕರೆದೆ."

ಅಕ್ಕ ಅಂಗುಸ್ತಾನ ತೆಗೆದು ಚೀಲಕ್ಕೆ ಹಾಕಿಕೊಂಡಳು. ತಮ್ಮನ ಪಕ್ಕ ಮಂಡಿಯೂರಿ ಕೂತು, ಕಿಟಕಿಯ ಕಟ್ಟೆಯ ಮೇಲೆ ಅವನ ಅಂಗೈಯ ಪಕ್ಕ ತನ್ನ ಅಂಗೈ ಬಿಡಿಸಿಟ್ಟಳು. ಅವನ ಕೈ ನಡುಗುತ್ತಿತ್ತು. ಚಿತ್ರ ಮಸುಕಾದೀತೆಂದು ಅವಳು ಕಿರುಬೆರಳನ್ನು ಅವನ ಕಿರುಬೆರಳಿಗೆ ಒತ್ತಿ ಹಿಡಿದಳು. ಅವನ ಚರ್ಮ ಬಿಸಿಯಾಗಿತ್ತು.

ಹೆಂಡತಿ ಬಗ್ಗಿ ಫೋಟೊ ತೆಗೆದಳು, ಬೆಳಕು ಸಾಲದೆಂದು ಪರದೆ ಸರಿಸಿ ಇನ್ನೊಂದು ತೆಗೆದಳು. ಕಳಿಸಿಯಾಯಿತು ಎಂದಳು. ಡಾಕ್ಟರ ಉತ್ತರಕ್ಕೆ ಕಾಯುತ್ತ ಮೂವರೂ ಹಾಗೇ ಇದ್ದರು. ಕಟ್ಟೆಯ ಮೇಲಿಂದ ಇಬ್ಬರೂ ಕೈ ತೆಗೆಯಲಿಲ್ಲ.